ಬಿಳಿ ಚಾಕುವಿನ ಒಂದು ಚೂರು

ಬೆಳಗಿನ ಐದೂವರೆ. ಹಾನಗಲ್ಲಿನ ಕಲ್ಯಾಣ ಮಂಟಪವೊಂದರ ಹಿಂಬದಿಯ ಅಡುಗೆ ಮನೆಯಲ್ಲಿ ದೊಡ್ಡ ಒಲೆಗಳಿಗೆ ಇನ್ನೂ ಬೆಂಕಿ ಬಿದ್ದಿಲ್ಲ. ಮದುವೆ ಮನೆಯವರು ಮಹಡಿಯ ಕೋಣೆಗಳಲ್ಲಿ ಒಬ್ಬರ ಮೇಲೊಬ್ಬರು ಕಾಲು ಹಾಕಿ ಮಲಗಿದ್ದಾರೆ. ಕೆಳಗೆ ಟ್ಯೂಬ್‌ಲೈಟಿನ ಅಡಿಯಲ್ಲಿ, ಸೊಂಟದೆತ್ತರದ ಮೇಜಿನ ಮುಂದೆ ಒಬ್ಬ ಹೆಂಗಸು ನಿಂತಿದ್ದಾರೆ. ಕೈಯಲ್ಲಿ ಹಾಲಿನಷ್ಟು ಬಿಳಿಯ ಒಂದು ಚಾಕು. ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ, ಅಲಗನ್ನು ಹಿಡಿಕೆಯಿಂದ ತುದಿಯವರೆಗೆ, ತುದಿಯಿಂದ ಹಿಡಿಕೆಯವರೆಗೆ ಬೆಳಕಿಗೆ ತಿರುಗಿಸಿ ನೋಡುತ್ತಾರೆ. ನೋಡುವ ರೀತಿ ಸೂಜಿಗೆ ದಾರ ಪೋಣಿಸುವವರದು.

"ಪೂರಾ ಐತಿ" ಎಂದು ತಮಗೆ ತಾವೇ ಹೇಳಿಕೊಂಡು ಮಾದೇವಿ ಮೊದಲ ಉಳ್ಳಾಗಡ್ಡಿಯನ್ನು ಮಾವಿನ ಹಲಗೆಯ ಮೇಲೆ ಇಡುತ್ತಾರೆ. ಆಮೇಲೆ ಕೇಳಿಸುವುದು ಹಲಗೆಯ ಸದ್ದು ಮಾತ್ರ.

ನಲವತ್ತೊಂಬತ್ತು ವರ್ಷದ ಮಾದೇವಿ ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯವರು. ಗಂಡ ನೀಲಪ್ಪ ಎರಡೆಕರೆಯಲ್ಲಿ ಗೋವಿನಜೋಳ, ಹತ್ತಿ ಬೆಳೆಯುತ್ತಾರೆ. ಮಾದೇವಿಯ ಕೆಲಸ ಹೆಚ್ಚುವುದು. ಅವರು ಅಡುಗೆಯವರಲ್ಲ, ಬಡಿಸುವವರೂ ಅಲ್ಲ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳಲ್ಲಿ ಮದುವೆ, ಸೀಮಂತ, ಮನೆ ತುಂಬುವ ಊಟ ಎಲ್ಲಿದ್ದರೂ ಕಾಯಿಪಲ್ಲೆ ಹೆಚ್ಚಲು ಹೋಗುತ್ತಾರೆ. ಹುಗ್ಗಿ ಚೆನ್ನಾಗಿದ್ದರೆ ಜನ ಅಡುಗೆಯವನ ಹೆಸರು ಕೇಳುತ್ತಾರೆ, ಎಣಗಾಯಿ ಚೆನ್ನಾಗಿದ್ದರೆ ಫೋನ್ ನಂಬರನ್ನೇ ಕೇಳುತ್ತಾರೆ. ಉಳ್ಳಾಗಡ್ಡಿಯನ್ನು ಒಂದೇ ಅಳತೆಗೆ ಹೆಚ್ಚಿದವರು ಯಾರು ಎಂದು ಯಾವ ಬೀಗರೂ ಇವತ್ತಿನವರೆಗೆ ಕೇಳಿದ್ದಿಲ್ಲ.

ಇವತ್ತು ಸಾವಿರದ ನಾಲ್ಕು ನೂರು ಜನರ ಊಟ. ಮೂಲೆಯಲ್ಲಿ ಎಪ್ಪತ್ತು ಕಿಲೋ ಉಳ್ಳಾಗಡ್ಡಿ, ನಲವತ್ತು ಕಿಲೋ ಬದನೆಕಾಯಿ, ಇಪ್ಪತ್ತೈದು ಕಿಲೋ ಟೊಮೆಟೊ, ಎರಡು ಚೀಲ ಸವತೆಕಾಯಿ, ಒಂದು ಗುಡ್ಡೆ ಕೊತ್ತಂಬರಿ. ಹೆಚ್ಚುವವರು ನಾಲ್ಕು ಜನ. ಮಾದೇವಿಯ ಪಾಲಿಗೆ ಹತ್ತು ಗಂಟೆಯೊಳಗೆ ಸುಮಾರು ಅರವತ್ತು ಕಿಲೋ ಬರುತ್ತದೆ. ವರ್ಷಕ್ಕೆ ಇಂಥ ಎಪ್ಪತ್ತೈದು, ಎಂಬತ್ತು ಊಟ. ಅಷ್ಟನ್ನೂ ಮುಗಿಸುವುದು ಅಂಗೈ ಉದ್ದದ, ಬಿದ್ದರೆ ಬಸಿಯ ಹಾಗೆ ಒಡೆಯುವ ಈ ಒಂದೇ ಒಂದು ಚಾಕು.

ಇದು ಸೆರಾಮಿಕ್ ಚಾಕು. ಉಕ್ಕಲ್ಲ, ಕಬ್ಬಿಣವಲ್ಲ. ಒಂದು ಬಗೆಯ ಗಟ್ಟಿ ಬಿಳಿ ಪುಡಿಯನ್ನು ಅಚ್ಚಿಗೆ ಒತ್ತಿ, ಉರಿಯಲ್ಲಿ ಸುಟ್ಟು ಮಾಡಿದ್ದು. ಮಾದೇವಿ ಅದನ್ನು ಪಿಂಗಾಣಿ ಚಾಕು ಎನ್ನುತ್ತಾರೆ. ತಂಡದ ಯಜಮಾನ, ಶಿಗ್ಗಾಂವಿಯ ಅಡುಗೆಯ ಕುಬೇರಪ್ಪ ಮೊದಲ ದಿನವೇ ಅದನ್ನು ಚಹಾದ ಕಪ್ಪು-ಬಸಿಗೆ ಹೋಲಿಸಿ 'ಕಪ್ಪು-ಬಸಿ ಚಾಕು' ಎಂದು ಹೆಸರಿಟ್ಟರು. ಆ ಹೆಸರು ಈಗ ತಂಡದ ಎಲ್ಲರ ಬಾಯಲ್ಲಿದೆ.

ಇಂಥದೊಂದು ನಾಜೂಕಿನ ವಸ್ತು ಮದುವೆ ಅಡುಗೆ ಮನೆಯ ಗದ್ದಲಕ್ಕೆ ಬಂದದ್ದು ಒಂದು ಮೊಣಕಾಲಿನಿಂದ. ಇಪ್ಪತ್ತೆರಡು ವರ್ಷ ಮಾದೇವಿ ಎಲ್ಲರಂತೆ ಇಳಿಗಿಮಣೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಹೆಚ್ಚಿದವರು. ಏಳು ವರ್ಷದ ಹಿಂದೆ ಸವಣೂರಿನ ಒಂದು ಮದುವೆಯಲ್ಲಿ, ತೊಳೆದು ಬಿಟ್ಟ ಕಡಪಾ ಕಲ್ಲಿನ ಮೇಲೆ ಕಾಲು ಜಾರಿತು. ಬಲ ಮೊಣಕಾಲು ತಿರುಚಿತು. ಎರಡು ಸಲ ಹುಬ್ಬಳ್ಳಿಗೆ ಹೋಗಿ ಬಂದದ್ದಾಯಿತು. ನೋವು ಇಳಿಯಿತು, ಆದರೆ ಕಾಲು ಮಡಿಸಿ ನೆಲಕ್ಕೆ ಕೂರುವುದು ಅಲ್ಲಿಗೆ ಮುಗಿಯಿತು. ನೆಲಕ್ಕೆ ಕೂರಲಾಗದವರಿಗೆ ಇಳಿಗಿಯ ಕೆಲಸ ಎಲ್ಲಿಂದ ಬರಬೇಕು?

"ಏಳ ತಿಂಗಳ ಮನ್ಯಾಗ ಕುಂತಿದ್ದೆರಿ, ಕುರ್ಚಿ ಮ್ಯಾಲ" ಎನ್ನುತ್ತಾರೆ ಮಾದೇವಿ, ಕೈ ನಿಲ್ಲಿಸದೆ. "ಮದಿವಿ ಸೀಜನ್ನಿನ್ಯಾಗ ಓಣ್ಯಾಗ ಟೆಂಪೋ ಹಾರ್ನ್ ಹೊಡದ್ರ ಸಾಕು, ನಂಗ ಅಳು ಬರ್ತಿತ್ತು. ಎಲ್ಲಾರೂ ಹತ್ಕೊಂಡ ಹೋಗೂದು, ನಾ ಬಾಗಲದಾಗ ನಿಂತು ನೋಡೂದು. ಅನ್ನಕ್ಕೇನ ಕಡಿಮಿ ಇರಲಿಲ್ಲ ಖರೆ. ಆದ್ರ ಕೈ ಸುಮ್ಮ ಕುಂದ್ರಂಗಿಲ್ಲಲ್ರಿ."

ನಿಂತು ಹೆಚ್ಚಬಹುದಲ್ಲ ಎಂದು ಉಕ್ಕಿನ ದೊಡ್ಡ ಚಾಕು ಹಿಡಿದು ನೋಡಿದರು. ಹತ್ತು ಕಿಲೋ ಮುಗಿಯುವಷ್ಟರಲ್ಲಿ ಮಣಿಕಟ್ಟು ಬಾತುಕೊಂಡಿತು. ಇಳಿಗಿಗೂ ಚಾಕುವಿಗೂ ಇರುವ ವ್ಯತ್ಯಾಸವನ್ನು ಅವರು ಹೇಳುವ ರೀತಿ ಚೆನ್ನಾಗಿದೆ. "ಇಳಿಗಿ ಮುಂದ ಕುಂತ್ರ ಕಾಯಿಪಲ್ಲೆ ಅಲಗಿನ ಕಡೆ ಹೊಕ್ಕೈತಿ. ಇಲ್ಲಿ ಅಲಗ ಕಾಯಿಪಲ್ಲೆ ಕಡೆ ಬರಬೇಕು. ಅಲ್ಲಿ ಭಾರ ಮಣಿ ಹೊರತೈತಿ. ಇಲ್ಲಿ ನಾ ಹೊರಬೇಕು. ಹಗೂರ ಚಾಕು ಇಲ್ದ ನನ್ನ ಕೈಲೆ ಆಗೂದಲ್ಲ ಅಂತ ಅವತ್ತ ತಿಳೀತು."

ಹಗುರ ಚಾಕು ಸಿಕ್ಕಿದ್ದು ಆ ಏಳು ತಿಂಗಳ ಕೊನೆಗೆ, ಹಿರೇಕೆರೂರಿನ ಮದುವೆಯೊಂದರಲ್ಲಿ. ಮಾದೇವಿ ಆ ದಿನ ಬರೀ ಬಳ್ಳೊಳ್ಳಿ ಸುಲಿಯಲು, ಕುರ್ಚಿಯ ಮೇಲೆ ಕೂರುವ ಕರಾರಿನಲ್ಲಿ ಹೋಗಿದ್ದರು. ಮದುಮಗಳು ಶ್ವೇತಾಳಿಗೆ ಬಂದ ಉಡುಗೊರೆಗಳ ರಾಶಿಯಲ್ಲಿ ಒಂದು ಡಬ್ಬಿ, ಅದರೊಳಗೆ ಎರಡು ಬಿಳಿ ಚಾಕು. ಶ್ವೇತಾಳ ಅಜ್ಜಿ ಹೌಹಾರಿದರು. ಹರಿತವಾದದ್ದನ್ನು ಉಡುಗೊರೆ ಕೊಡಬಾರದು, ಸಂಬಂಧ ಕತ್ತರಿಸುತ್ತದೆ ಎಂಬುದು ಈ ಕಡೆಯ ನಂಬಿಕೆ. ಡಬ್ಬಿ ಹೊಸ ಮನೆಯ ಹೊಸ್ತಿಲು ದಾಟಬಾರದೆಂದು ಅಜ್ಜಿ ಹಟ ಹಿಡಿದರು. ಮಾದೇವಿ ಚಾಕುವನ್ನು ಎತ್ತಿ ನೋಡಿದರು. ಕೈಯಲ್ಲಿ ಏನೂ ಇದ್ದಂತೆಯೇ ಅನಿಸಲಿಲ್ಲ. "ನಂಗ ಕೊಡ್ರಿ" ಎಂದರು. ಪುಕ್ಕಟೆ ಕೊಟ್ಟರೆ ಮತ್ತೆ ಅದೇ ದೋಷ. ಅದಕ್ಕೆ ಮಾದೇವಿ ಮಡಿಲಿನಲ್ಲಿದ್ದ ಸವಣೂರಿನ ಎರಡು ವೀಳ್ಯದೆಲೆ, ಒಂದು ಅಡಿಕೆ ಬೋಟು ಅಜ್ಜಿಯ ಕೈಗಿಟ್ಟು ಡಬ್ಬಿಯನ್ನು 'ಕೊಂಡುಕೊಂಡರು'.

ಎರಡರಲ್ಲಿ ಸಣ್ಣ ಚಾಕು ಬಾಳಿದ್ದು ಒಂದೇ ದಿನ. ಇಪ್ಪತ್ತೆರಡು ವರ್ಷದ ಅಭ್ಯಾಸದಂತೆ ಮಾದೇವಿ ಬಳ್ಳೊಳ್ಳಿಯ ಎಸಳನ್ನು ಅಲಗಿನ ಅಗಲಕ್ಕಿಟ್ಟು ಅಂಗೈಯಿಂದ ಗುದ್ದಿದರು. ಅಲಗು ಟಪ್ಪೆಂದು ಎರಡು ತುಂಡಾಯಿತು. ದೊಡ್ಡದನ್ನು ಕೈಗೆತ್ತಿಕೊಳ್ಳುವ ಮೊದಲು ಅವರು ಒಂದು ವಾರ ಯೋಚನೆ ಮಾಡಿದರಂತೆ.

ಅಂದಿನಿಂದ ಮಾದೇವಿ ತಮ್ಮಷ್ಟಕ್ಕೆ ತಾವೇ ಕಲಿತದ್ದು ಬಹಳ. ಈ ಚಾಕು ಮುಂದೆ ಹಿಂದೆ ಸರಿಯಬೇಕು, ತಿರುಚಬಾರದು. ಸಿಕ್ಕಿಹಾಕಿಕೊಂಡರೆ ಬಂದ ದಾರಿಯಲ್ಲೇ ಹಿಂದಕ್ಕೆ ಎಳೆಯಬೇಕು, ಮೀಟಬಾರದು. ಕುಂಬಳಕಾಯಿ, ತೆಂಗು, ಬೆಲ್ಲದ ಪೆಂಟಿ ಅದರ ಹತ್ತಿರವೂ ಸುಳಿಯಬಾರದು. ಕೆಳಗೆ ಕಲ್ಲು, ಸ್ಟೀಲು ಇರಬಾರದು, ಮರದ ಹಲಗೆಯೇ ಬೇಕು. ಹೆಚ್ಚಿದ್ದನ್ನು ಬುಟ್ಟಿಗೆ ಸರಿಸುವಾಗ ಅಲಗಿನ ಬೆನ್ನಿನಿಂದ ಸರಿಸಬೇಕು. ಪಾತ್ರೆ ತೊಳೆಯುವವರ ತೊಟ್ಟಿಗೆ ಅದು ಹೋಗುವಂತೆಯೇ ಇಲ್ಲ. ಮಾದೇವಿಯೇ ತೊಳೆದು, ಒರೆಸಿ, ಒಳಗೆ ಹತ್ತಿ ತುರುಕಿದ ಬಿದಿರಿನ ಕೊಳವೆಗೆ ಸೇರಿಸುತ್ತಾರೆ. ಆ ಕೊಳವೆ ಹಾನಗಲ್ಲಿನ ಸಂತೆಯಿಂದ ತಂದ ಬಿದಿರಿನದು. ಬಸ್ಸಿನಲ್ಲಿ ಅದು ಅವರ ಮಡಿಲಲ್ಲೇ ಇರುತ್ತದೆ. ಅರಿಶಿನ ತಗುಲಿ ಅಲಗು ಹಳದಿಯಾದರೆ ಅಡುಗೆ ಸೋಡಾ ಕಲಸಿ ಹಚ್ಚಿ ಒಂದು ತಾಸು ಬಿಡುತ್ತಾರೆ. ಇಷ್ಟು ಉಪಚಾರ ಮಾಡಿಸಿಕೊಂಡದ್ದಕ್ಕೆ ಚಾಕುವೂ ಋಣ ತೀರಿಸುತ್ತದೆ. ತುಕ್ಕು ಹಿಡಿಯುವುದಿಲ್ಲ, ಉಳ್ಳಾಗಡ್ಡಿಯ ವಾಸನೆ ಸವತೆಕಾಯಿಗೆ ಅಂಟುವುದಿಲ್ಲ, ತಿಂಗಳುಗಟ್ಟಲೆ ಹರಿತ ಕೆಡುವುದಿಲ್ಲ.

"ಮನ್ಯಾಗ ಮೊಮ್ಮಗಳಿಗೆ ಇಷ್ಟು ಉಪಚಾರ ಮಾಡ್ಲಿಲ್ಲ ಬಿಡ್ರಿ ಈಕಿ" ಎಂದು ಕುಬೇರಪ್ಪ ಒಲೆಯ ಕಡೆಯಿಂದ ಕೂಗುತ್ತಾರೆ. ಎಲ್ಲರೂ ನಗುತ್ತಾರೆ. ಮಾದೇವಿಯೂ ನಗುತ್ತಾರೆ, ಕಣ್ಣು ಮಾತ್ರ ಅಲಗಿನ ಮೇಲಿಂದ ಕದಲುವುದಿಲ್ಲ.

ಮಹಾನವಮಿಯ ಖಂಡೆ ಪೂಜೆಯ ದಿನ ಹಿರೇಬೆಂಡಿಗೇರಿಯಲ್ಲಿ ಕುಡುಗೋಲು, ಇಳಿಗಿ, ಕೊಡಲಿ ಎಲ್ಲ ಕುಂಕುಮ ಹಚ್ಚಿಸಿಕೊಂಡು ಜಗುಲಿ ಏರುತ್ತವೆ. ಮರುದಿನದವರೆಗೆ ಅವುಗಳನ್ನು ಮುಟ್ಟುವಂತಿಲ್ಲ. ಆದರೆ ಹಬ್ಬದ ಅಡುಗೆ ಆಗಬೇಕಲ್ಲ. ಹೆಚ್ಚುವುದನ್ನು ಹಿಂದಿನ ದಿನವೇ ಹೆಚ್ಚಿಡಲು ಮರೆತ ಓಣಿಯ ಹೆಂಗಸರು ಬದನೆಕಾಯಿ ಉಡಿಯಲ್ಲಿ ಕಟ್ಟಿಕೊಂಡು ಮಾದೇವಿಯ ಬಾಗಿಲಿಗೆ ಬರುತ್ತಾರೆ. ಕಬ್ಬಿಣವಲ್ಲದ ಚಾಕುವಿಗೆ ರಜೆ ಇಲ್ಲ. ಅದಕ್ಕೆ ಪೂಜೆ ಬೇಡವೇ ಎಂದರೆ, ಮಾದೇವಿ ಅದನ್ನು ಸಂಜೆ ನೀರಿನ ಗಡಿಗೆಯ ಪಕ್ಕ ಇಟ್ಟು ಒಂದು ಹೂ ಏರಿಸುತ್ತಾರೆ. "ಅದೂ ಸುಟ್ಟ ಮಾಲ, ಗಡಿಗೀನೂ ಸುಟ್ಟ ಮಾಲ. ಅಕ್ಕ ತಂಗಿ ಇದ್ದಂಗ" ಎಂಬುದು ಅವರ ಲೆಕ್ಕ.

ಕುಬೇರಪ್ಪ ತಮಾಷೆಯ ಮನುಷ್ಯ, ಆದರೆ ಊಟದ ವಿಷಯದಲ್ಲಿ ಅಲ್ಲ. ಮಾದೇವಿ ಬಿಳಿ ಚಾಕು ಹಿಡಿದು ಮತ್ತೆ ಕೆಲಸ ಕೇಳಿದಾಗ ಅವರು ಒಂದೇ ಮಾತು ಹೇಳಿದ್ದರು. "ಉಕ್ಕಿನ ಚಾಕು ಮೊಂಡ ಆಕ್ಕೈತಿ. ನಿಂದು ಚೂರು ಹಾರ್ತೈತಿ. ಬಿಳೀ ಚೂರು ಉಳ್ಳಾಗಡ್ಡ್ಯಾಗ ಕಾಣಂಗಿಲ್ಲ, ಮೂಲಂಗ್ಯಾಗ ಕಾಣಂಗಿಲ್ಲ. ಯಾವ್ದರ ಕೂಸಿನ ಗಂಟಲಾಗ ಹೋತು ಅಂದ್ರ? ಒಂದ ಚೂರು ಎಲೀ ಮ್ಯಾಲ ಬಂತಂದ್ರ ನೀನೂ ಇಲ್ಲ, ಚಾಕೂನೂ ಇಲ್ಲ." ಮಾದೇವಿ ಒಪ್ಪಿಕೊಂಡರು. ಪ್ರತಿ ಬುಟ್ಟಿ ಮುಗಿದ ಮೇಲೆ ಅಲಗನ್ನು ಬೆಳಕಿಗೆ ಹಿಡಿದು ನೋಡುವುದು, 'ಪೂರಾ ಐತಿ' ಎಂದು ಬಾಯಿಬಿಟ್ಟು ಹೇಳುವುದು ಶುರುವಾದದ್ದು ಅಂದಿನಿಂದ.

ಇನ್ನೊಬ್ಬರನ್ನು ಇಲ್ಲಿ ಪರಿಚಯಿಸಬೇಕು. ಮಾದೇವಿಯ ಮೇಜಿನ ಕಾಲ ಬುಡದಲ್ಲೇ ಇಳಿಗಿ ಹಾಕಿಕೊಂಡು ಕುಳಿತಿರುವ ಸರೋಜವ್ವ, ಶಿಗ್ಗಾಂವಿಯವರು, ಅರವತ್ಮೂರು ವರ್ಷ. ಗಟ್ಟಿ ಮಾಲೆಲ್ಲ ಅವರಿಗೆ, ಮೆತ್ತಗಿನದೆಲ್ಲ ಮಾದೇವಿಗೆ. ಹದಿನೆಂಟು ವರ್ಷದ ಜೋಡಿ. ಮಾದೇವಿ ಮನೆಯಲ್ಲಿ ಕುಳಿತ ಏಳು ತಿಂಗಳಲ್ಲಿ ವಾರಕ್ಕೊಮ್ಮೆ ಬಸ್ಸು ಹತ್ತಿ ನೋಡಲು ಬರುತ್ತಿದ್ದವರು ಅವರೊಬ್ಬರೇ.

ಸರೋಜವ್ವನದು ಒಂದು ಹಟ. ಹರಿತವಾದ ಯಾವುದನ್ನೂ ಅವರು ಕೈಯಿಂದ ಕೈಗೆ ಕೊಡುವುದಿಲ್ಲ. ನೆಲಕ್ಕೆ ಇಡುತ್ತಾರೆ, ಬೇಕಾದವರು ಎತ್ತಿಕೊಳ್ಳಬೇಕು. ಕೈಗೆ ಕೊಟ್ಟರೆ ಜಗಳ ಹತ್ತುತ್ತದೆಂದು ಇಲ್ಲಿ ಬಹಳ ಜನ ಹಾಗೆ ಮಾಡುತ್ತಾರೆ, ಆದರೆ ಅವಸರದಲ್ಲಿ ಮರೆಯುತ್ತಾರೆ. ಸರೋಜವ್ವ ಮರೆಯುವುದಿಲ್ಲ, ಅದಕ್ಕೆ ಕಾರಣವಿದೆ. ಮೂವತ್ತು ವರ್ಷದ ಹಿಂದೆ ಹೊಲದಲ್ಲಿ ತಂಗಿಯ ಕೈಗೆ ಕುಡುಗೋಲು ಕೊಟ್ಟಿದ್ದರು. ಅದೇ ಸಂಜೆ ಬದುವಿನ ಹುಲ್ಲಿಗಾಗಿ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ತಂಗಿ ಇವತ್ತಿಗೂ ಮಾತಾಡುವುದಿಲ್ಲ, ಎದುರಿಗೆ ಬಂದರೆ ಸೆರಗು ತಿರುಗಿಸಿ ಹೋಗುತ್ತಾಳೆ. "ಹುಲ್ಲಿನ ಸಲುವಾಗಿ ಯಾರರ ಮೂವತ್ತ ವರ್ಷ ಸಿಟ್ಟ ಇಟ್ಕೋತಾರೇನ್ರಿ? ಅದು ಕುಡುಗೋಲಿನ ಕೆಲಸನ" ಎನ್ನುತ್ತಾರೆ ಸರೋಜವ್ವ.

ಹೋದ ವರ್ಷ ಬೇಸಿಗೆ. ಶಿಗ್ಗಾಂವಿಯಲ್ಲಿ ಸಾವಿರದ ಇನ್ನೂರು ಜನರ ಮದುವೆ. ಪಚಡಿಗೆಂದು ಇಪ್ಪತ್ತೆರಡು ಕಿಲೋ ಮೂಲಂಗಿ ಬಂದಿತ್ತು. ಅರ್ಧ ಹೆಚ್ಚಿದಾಗ ಸರೋಜವ್ವ ಬಾಳೆಎಲೆಯ ಕಟ್ಟು ಬಿಚ್ಚಲು ಮಾದೇವಿಯ ಚಾಕು ಕೇಳಿದರು. ದಾರ ಕೊಯ್ದರು. ವಾಪಸು ತಂದು, ಎಂದಿನಂತೆ, ಮಾದೇವಿಯ ಕಾಲ ಹತ್ತಿರ ಕಡಪಾ ಕಲ್ಲಿನ ಮೇಲೆ ಇಟ್ಟರು. ಬಾಗಲಾಗದ ಮಾದೇವಿ ಮೇಜು ಹಿಡಿದು, ಕಾಲು ಚಾಚಿ, ಹೇಗೋ ಎತ್ತಿಕೊಂಡರು. ಉಳಿದ ಮೂಲಂಗಿ ಮುಗಿಸಿದರು. ಎಲ್ಲವೂ ಒಂದೇ ಬುಟ್ಟಿಯಲ್ಲಿ ಕಲೆತಿತ್ತು.

ಆಮೇಲೆ ಅಲಗನ್ನು ಬೆಳಕಿಗೆ ಹಿಡಿದರು. ತುದಿಯಿಂದ ಒಂದು ಬೆರಳು ಈಚೆಗೆ, ಅರ್ಧ ಗೋಧಿ ಕಾಳಿನಷ್ಟು ಜಾಗ ಖಾಲಿ ಇತ್ತು.

"ಕಣ್ಣ ಒರಿಸ್ಕೊಂಡು ಮತ್ತ ನೋಡಿದೆ. ಖಾಲಿನ ಇತ್ತು. ಆ ಬುಟ್ಟಿ ನೋಡಿದ್ರ ತುಂಬ ಬಿಳೀದು. ಅದರಾಗ ಬಿಳೀ ಚೂರು ಎಲ್ಲಿ ಅಂತ ಹುಡಕ್ಲಿ?"

ಗಂಟೆ ಹತ್ತೂಮುಕ್ಕಾಲು. ಹನ್ನೊಂದೂವರೆಗೆ ಮೊದಲ ಪಂಗ್ತಿ. ಕುಬೇರಪ್ಪ ಮೊಸರಿನ ಪಾತ್ರೆ ಹಿಡಿದು "ಮೂಲಂಗಿ ತರ್ರಿ" ಎಂದು ಕೂಗುತ್ತಿದ್ದರು. ವಿಷಯ ಗೊತ್ತಿದ್ದದ್ದು ಮಾದೇವಿಗೆ ಒಬ್ಬರಿಗೇ. ಸುಮ್ಮನಿದ್ದಿದ್ದರೆ? ಸಾವಿರದ ಇನ್ನೂರು ಎಲೆಗಳಲ್ಲಿ ಅದು ಯಾರ ಎಲೆಗೆ ಹೋಗುತ್ತಿತ್ತೋ, ಹೋಗುತ್ತಿತ್ತೋ ಇಲ್ಲವೋ. ಹೇಳಿದರೆ ಮಾತ್ರ ಏನಾಗುತ್ತದೆಂದು ಅನುಮಾನವೇ ಇರಲಿಲ್ಲ. ಮತ್ತೆ ಕುರ್ಚಿ, ಮತ್ತೆ ಟೆಂಪೋದ ಹಾರ್ನು.

"ಸುಮ್ನ ಇರೂನು ಅಂತ ಮನಸಿಗೆ ಬರ್ಲಿಲ್ಲ ಅಂದ್ರ ಸುಳ್ಳ ಆಕ್ಕೈತಿರಿ" ಎಂದು ಮಾದೇವಿ ಚಾಕು ಕೆಳಗಿಟ್ಟು ಹೇಳುತ್ತಾರೆ. ಇಡೀ ಬೆಳಗ್ಗೆಯಲ್ಲಿ ಅವರ ಕೈ ನಿಂತದ್ದು ಈ ಮಾತಿಗೆ ಮಾತ್ರ. "ಬಂತು. ಮೊಸರಿನ ಪಾತ್ರೀತನಾ ಬುಟ್ಟಿ ಹೊತ್ಕೊಂಡ ಹೋದೆ. ಅಲ್ಲಿ ಒಂದ ಸಣ್ಣ ಹುಡುಗಿ ಬುಟ್ಟ್ಯಾಗ ಕೈ ಹಾಕಿ ಎರಡ ಹೋಳು ತಗೊಂಡ್ಲು, ಬಾಯಾಗ ಹಾಕ್ಕೊಳ್ಳಾಕ. ಆಕಿ ಕೈ ಹಿಡಿದೆ. ಆಮ್ಯಾಲೆ ಬಾಯಿ ತಾನ ಬಿಚ್ಚಿತು."

ಕುಬೇರಪ್ಪ ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಮೂಲಂಗಿಯನ್ನು ದನಕ್ಕೆ ಹಾಕಲು ಯಾರೋ ಬುಟ್ಟಿ ಎತ್ತಿದರು. "ದನಾನೂ ನುಂಗ್ತಾವ, ಬ್ಯಾಡ್ರಿ" ಎಂದು ಅದನ್ನೂ ತಡೆದವರು ಮಾದೇವಿಯೇ. ಮಂಟಪದ ಹಿಂದೆ ಗುಂಡಿ ತೋಡಿ ಇಪ್ಪತ್ತೆರಡು ಕಿಲೋ ಮೂಲಂಗಿಯನ್ನು ಹೂಳಿದರು. ಬರೀ ಸವತೆಕಾಯಿಯ ಪಚಡಿ ಎಲೆಗೆ ಬಂತು, ಅದೂ ಅರ್ಧ ಚಮಚ. ಬೀಗರು ಮೂಗು ಮುರಿದರು. ಕುಬೇರಪ್ಪ ಮಾದೇವಿಯ ಕಡೆ ನೋಡದೆ, "ಚೀಲಾ ತಗೊಂಡ ನಡಿ" ಎಂದರು.

ಮಾದೇವಿ ಹಲಗೆ ಒರೆಸಿ ಚೀಲಕ್ಕೆ ಹಾಕುತ್ತಿದ್ದರು. ನೆಲದ ಮೇಲೆ ಇಳಿಗಿಯ ಮುಂದೆ ಕುಳಿತಿದ್ದ ಸರೋಜವ್ವನ ಕಣ್ಣಿಗೆ ಕರಿ ಕಡಪಾ ಕಲ್ಲಿನ ಮೇಲೆ ಅಕ್ಕಿ ನುಚ್ಚಿನಂಥದ್ದು ಏನೋ ಬಿತ್ತು. ಒದ್ದೆ ಬೆರಳಿನಿಂದ ಒತ್ತಿ ಎತ್ತಿದರು. ನುಚ್ಚಾಗಿರಲಿಲ್ಲ. ತಾವು ಚಾಕು ಇಟ್ಟ ಜಾಗ ಅದೇ ಎಂದು ಅವರಿಗೆ ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಉಗುರಿನಿಂದ ಚಿಮ್ಮಿದ್ದರೆ ಅದು ಮೋರಿ ಸೇರುತ್ತಿತ್ತು, ಕೇಳುವವರೂ ಇರಲಿಲ್ಲ. ಸರೋಜವ್ವ ಎದ್ದು ಬಂದು ಬೆರಳನ್ನು ಹಾಗೇ ಚಾಕುವಿನ ಅಲಗಿಗೆ ಹಿಡಿದರು. ಚೂರು ಖಾಲಿ ಜಾಗಕ್ಕೆ ಸರಿಯಾಗಿ ಕೂತಿತು. ಅಂದರೆ ಮೂಲಂಗಿಯಲ್ಲಿ ಏನೂ ಇರಲಿಲ್ಲ.

"ತಪ್ಪ ನಂದು ಕುಬೇರಪ್ಪ. ಕಲ್ಲಿನ ಮ್ಯಾಲ ಇಟ್ಟಾಕಿ ನಾನು. ಈಕಿನ್ನ ಬಿಡು" ಎಂದರು. ಕುಬೇರಪ್ಪನ ಸಿಟ್ಟು ಆಗ ಒಲೆಯ ಮೇಲಿನ ಎಣ್ಣೆಗಿಂತ ಹೆಚ್ಚು ಕಾದಿತ್ತು. "ಹಂಗಾದ್ರ ಇಬ್ರೂ ನಡೀರಿ" ಎಂದುಬಿಟ್ಟರು.

ಸರೋಜವ್ವ ಮಾದೇವಿಯ ಜೊತೆ ಬಸ್ ಸ್ಟ್ಯಾಂಡಿನ ತನಕ ಬಂದರು. ಬಸ್ಸು ಬಂದಾಗ ಮಾದೇವಿ ಕೇಳಿದರು: "ಕೈಯಾಗ ಕೊಟ್ಟಿದ್ರ ಏನಾಗ್ತಿತ್ತು ಸರೋಜಕ್ಕ?" ಸರೋಜವ್ವ ಹೇಳಿದ್ದು ಇಷ್ಟೆ: "ತಂಗಿನ್ನ ಕಳಕೊಂಡೇನಿ. ನಿನ್ನೂ ಕಳಕೊಳ್ಳಾಕ ನನ್ನ ಕೈಲೆ ಆಗೂದಿಲ್ಲ." ಮಾದೇವಿಗೆ ಸಿಟ್ಟೂ ಬಂತು, ಅಳುವೂ ಬಂತು. ಬಸ್ಸು ತಪ್ಪಿತು.

ಮುಕ್ಕಾದ ಚಾಕುವನ್ನು ಸಾಣೆಯವರು ಯಾರೂ ಮುಟ್ಟಲಿಲ್ಲ. ಕಬ್ಬಿಣದ ಸಾಣೆಗೆ ಅದು ಜಗ್ಗುವುದಿಲ್ಲ, ಜೋರಾಗಿ ಹಿಡಿದರೆ ಇನ್ನಷ್ಟು ಉದುರುತ್ತದೆ. ಕೊನೆಗೆ ಸಿಕ್ಕವರು ಸವಣೂರಿನ ಅಲ್ತಾಫ. ಅವರು ಸಾಣೆಯವರಲ್ಲ, ಅಡುಗೆ ಕಟ್ಟೆಗಳಿಗೆ ಗ್ರಾನೈಟ್ ಕೂರಿಸುವವರು. ಗ್ರಾನೈಟಿನ ಅಂಚು ನುಣುಪು ಮಾಡಲು ವಜ್ರದ ಪುಡಿ ಅಂಟಿಸಿದ ಬಿಲ್ಲೆಗಳಿರುತ್ತವೆ. "ಮಷೀನಿಗೆ ಹಚ್ಚಿದ್ರ ಖತಂ ಅಕ್ಕಾ. ಕೈಲೇನ ತಿಕ್ಕಬೇಕು, ನೀರ ಬಿಟ್ಕೋತ, ಒಂದ ಕಡೆ. ಜಲ್ದಿ ಮಾಡಬ್ಯಾಡ" ಎಂದು ಮೂರು ಶುಕ್ರವಾರ, ನಮಾಜು ಮುಗಿಸಿ ಬಂದು, ಅಂಗಡಿಯ ಕಟ್ಟೆಯ ಮೇಲೆ ಕೂತು ತಿಕ್ಕಿದರು. ಚಾಕು ಅರ್ಧ ಗೋಧಿ ಕಾಳಿನಷ್ಟು ಸಪೂರವಾಯಿತು, ಅಲಗು ಮಾತ್ರ ಮತ್ತೆ ನೆಟ್ಟಗಾಯಿತು. ಈಗಲೂ ನಾಲ್ಕು ತಿಂಗಳಿಗೊಮ್ಮೆ ಚಾಕು ಅಲ್ತಾಫರ ಹತ್ತಿರ ಹೋಗಿ ಬರುತ್ತದೆ.

ಕುಬೇರಪ್ಪ ಫೋನು ಮಾಡಿದ್ದು ಇಪ್ಪತ್ತಾರು ದಿನದ ಮೇಲೆ. ನಡುವೆ ಹೊಸಬರನ್ನು ಕರೆದು ನೋಡಿದ್ದರು. ಕೈ ಚುರುಕೇ ಇತ್ತು. ಒಂದು ಊಟದಲ್ಲಿ ಕೊತ್ತಂಬರಿ ಕಟ್ಟಿದ ದಾರ, ಇನ್ನೊಂದರಲ್ಲಿ ಕಲ್ಲಿನ ಹಳ್ಳು ಬಂದವು. ಯಾರನ್ನು ಕೇಳಿದರೂ ನನಗೆ ಗೊತ್ತಿಲ್ಲ ಎಂದರು. "ಹೆಚ್ಚಾವ್ರು ಬೇಕಾದಷ್ಟ ಸಿಗ್ತಾರ. ತಪ್ಪಾಗೈತಿ ಅಂತ ಬುಟ್ಟಿ ಹೊತ್ಕೊಂಡ ಬರಾವ್ರು ಸಿಗಂಗಿಲ್ಲ" ಎಂದು ಕುಬೇರಪ್ಪ ಈಗ ಒಪ್ಪಿಕೊಳ್ಳುತ್ತಾರೆ. ಆದರೂ ಯಜಮಾನ ಯಜಮಾನನೇ. ಇನ್ನೊಮ್ಮೆ ಅಲಗು ಮುಕ್ಕಾದರೆ ಆ ಚಾಕು ತಮ್ಮ ಅಡುಗೆ ಮನೆಗೆ ಬರುವಂತಿಲ್ಲ ಎಂದು ಷರತ್ತು ಹಾಕಿಯೇ ಇಬ್ಬರನ್ನೂ ಕರೆಸಿಕೊಂಡರು. ಚಾಕು ಇಲ್ಲವೆಂದರೆ ಮಾದೇವಿ ಇಲ್ಲ, ಇದು ಎಲ್ಲರಿಗೂ ಗೊತ್ತು.

ಸರೋಜವ್ವ ತಮ್ಮ ಹಟ ಬಿಡಲಿಲ್ಲ. ಒಂದು ರಾಜಿ ಆಯಿತು. ಮೇಜಿನ ತುದಿಯಲ್ಲಿ ನಾಲ್ಕು ಮಡಿಕೆಯ ಟವೆಲ್ ಹಾಸುವುದು, ಚಾಕುವನ್ನು ಅದರ ಮೇಲೆ ಇಡುವುದು, ಮಾದೇವಿ ಅಲ್ಲಿಂದ ಎತ್ತಿಕೊಳ್ಳುವುದು. ಹೋದ ವರ್ಷದಿಂದ ನಾಲ್ಕೂ ತಾಲೂಕಿನಲ್ಲಿ ಈ ಟವೆಲ್ ಅವರ ಜೊತೆ ತಿರುಗುತ್ತಿದೆ.

ಹಾನಗಲ್ಲಿನ ಅಡುಗೆ ಮನೆಯಲ್ಲಿ ಈಗ ಒಂಬತ್ತೂವರೆ. ಒಲೆಗಳೆಲ್ಲ ಭುಗಿಲೆದ್ದಿವೆ. ಬದನೆಕಾಯಿ ಉಪ್ಪು ನೀರಿನಲ್ಲಿ ತೇಲುತ್ತಿವೆ. ಸರೋಜವ್ವ ಲಿಂಬೆಹಣ್ಣು ಕೊಯ್ಯಲು ಬಿಳಿ ಚಾಕು ಒಯ್ದಿದ್ದಾರೆ. ಅಷ್ಟರಲ್ಲಿ ಹುಗ್ಗಿಯ ಹಂಡೆ ಇಳಿಸುವ ಗಡಿಬಿಡಿಯಲ್ಲಿ ಕುಬೇರಪ್ಪ ಕೈಗೆ ಸಿಕ್ಕ ಟವೆಲ್ ಎಳೆದುಕೊಂಡು ಹೋಗಿಬಿಟ್ಟಿದ್ದಾರೆ.

ಸರೋಜವ್ವ ವಾಪಸು ಬರುತ್ತಾರೆ. ಮೇಜಿನ ತುದಿ ನೋಡುತ್ತಾರೆ. ಬರೀ ಸ್ಟೀಲಿನ ಹಾಳೆ, ಮೇಲೆ ನೀರು. ಹಲಗೆಯ ತುಂಬ ಸವತೆಕಾಯಿ. ಕೆಳಗೆ ನೋಡುತ್ತಾರೆ, ಕಡಪಾ ಕಲ್ಲು. ಚಾಕು ಹಿಡಿದ ಕೈ ಅರ್ಧಕ್ಕೆ ಬಾಗಿ ಅಲ್ಲೇ ನಿಲ್ಲುತ್ತದೆ. ಮಾದೇವಿ ಕೈ ಚಾಚುವುದಿಲ್ಲ. ಮೂವತ್ತು ವರ್ಷದ ಭಯವನ್ನು ಬಿಡು ಎಂದು ಇನ್ನೊಬ್ಬರು ಹೇಳುವ ಮಾತೇ?

ಸರೋಜವ್ವ ಚಾಕುವನ್ನು ತಿರುಗಿಸಿ ಹಿಡಿಯುತ್ತಾರೆ. ಅಲಗು ತಮ್ಮ ಕಡೆ, ಹಿಡಿಕೆ ಮಾದೇವಿಯ ಕಡೆ. "ಹಿಡಿ" ಎನ್ನುತ್ತಾರೆ.

ಮಾದೇವಿ ಕೈಯೊಡ್ಡಿ ಹಿಡಿದುಕೊಳ್ಳುತ್ತಾರೆ. ಒಂದು ಗಳಿಗೆ ಚಾಕು ಇಬ್ಬರ ಕೈಯಲ್ಲೂ ಇರುತ್ತದೆ.

"ಜಗಳಾ ತಗೀಬ್ಯಾಡ ಮತ್ತ" ಎನ್ನುತ್ತಾರೆ ಸರೋಜವ್ವ.

"ತಗೀತೇನಿ. ಲಿಂಬಿಹಣ್ಣಿನ ಬೀಜ ಒಂದೂ ತಗದಿಲ್ಲ ನೀ" ಎಂದು ಮಾದೇವಿ ಗದರುತ್ತಾರೆ. ಸರೋಜವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ನಗುತ್ತ, ಬೈಯುತ್ತ ಲಿಂಬೆಹಣ್ಣಿನ ಕಡೆ ಹೋಗುತ್ತಾರೆ. ಮಾದೇವಿ ಅಲಗನ್ನು ಬೆಳಕಿಗೆ ಹಿಡಿಯುತ್ತಾರೆ. ಈ ಸಲ ತುಸು ಹೆಚ್ಚೇ ಹೊತ್ತು ನೋಡುತ್ತಾರೆ. ಪೂರಾ ಇದೆ.

ಮಧ್ಯಾಹ್ನ ಮೊದಲ ಪಂಗ್ತಿ ಕೂತಾಗ ಮಾದೇವಿ ಚಾಕುವನ್ನು ಬಿದಿರಿನ ಕೊಳವೆಗೆ ಸೇರಿಸಿ, ಅಡುಗೆ ಮನೆಯ ಬಾಗಿಲಲ್ಲಿ ಚೌಕಟ್ಟಿಗೆ ಆತು ನಿಂತಿದ್ದಾರೆ. ಜನ ಎಣಗಾಯಿ ಮತ್ತೊಮ್ಮೆ ಹಾಕಿಸಿಕೊಳ್ಳುತ್ತಿದ್ದಾರೆ, ಅಡುಗೆಯವರು ಯಾರೆಂದು ವಿಚಾರಿಸುತ್ತಿದ್ದಾರೆ. ಕುಬೇರಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ಹೊರಗೆ ಹೋಗಿ ಕೈ ಮುಗಿದು ಬರುತ್ತಾರೆ. ಇಷ್ಟು ವರ್ಷ ಕೆಲಸ ಮಾಡಿದ ನಿಮ್ಮ ಹೆಸರನ್ನು ಯಾರೂ ಕೇಳಲಿಲ್ಲವಲ್ಲ ಎಂದರೆ ಮಾದೇವಿ ತಲೆ ಅಲ್ಲಾಡಿಸುತ್ತಾರೆ.

"ಬ್ಯಾಡ್ರಿ. ಉಣ್ಣಾಕ ಕುಂತಾವ್ರು ಹೆಚ್ಚಿದಾಕಿ ಯಾರು ಅಂತ ಕೇಳಿದ್ರ, ಬಾಯಾಗ ಏನರ ಸಿಕ್ಕೈತಿ ಅಂತ ಅರ್ಥ. ನನ್ನ ಹೆಸರ ಯಾರಿಗೂ ಗೊತ್ತಿಲ್ಲ ನೋಡ್ರಿ. ಅದ ನನ್ನ ಹೆಸರು."